ಗೆರೆ ಚುಕ್ಕಿಯಾಗುವ ಬಗೆ: ಮನೆಯ ನಕ್ಷೆಯನ್ನು ಜೆಪಿಜಿ ಮಾಡಿದಾಗ ಏನಾಗುತ್ತದೆ?

ಕಲಬುರಗಿಯಲ್ಲಿ ಈಗ ಮನೆ ಕಟ್ಟಿಸುವವರಿಗೆ ನಕ್ಷೆ ಕಾಗದದಲ್ಲಿ ಸಿಗುವ ಮೊದಲೇ ಫೋನಿಗೆ ಬರುತ್ತದೆ. ಎಂಜಿನಿಯರ್ ಕಳಿಸಿದ ಮೂಲ ಕಡತ ಫೋನಿನಲ್ಲಿ ತೆರೆಯುವುದಿಲ್ಲ. 'ಜೆಪಿಜಿ ಮಾಡಿ ಕಳಿಸ್ರಿ ಸರ್' ಎಂದು ಕೇಳಿಕೊಂಡ ಮೇಲೆ ಬರುವ ಚಿತ್ರ ತೆರೆಯುತ್ತದೆ; ಆದರೆ ಅದನ್ನು ಸಾಲದ ಅರ್ಜಿಗೋ ಪರವಾನಗಿಯ ಅರ್ಜಿಗೋ ಜೋಡಿಸಲು ಹೋದರೆ ಗಾತ್ರ ಮಿತಿ ಮೀರಿದೆ ಎಂಬ ಸೂಚನೆ ಬರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಕುಳಿತ ಹುಡುಗ ಅದನ್ನು ಎರಡು ನಿಮಿಷದಲ್ಲಿ ಚಿಕ್ಕದು ಮಾಡಿಕೊಡುತ್ತಾನೆ, ಅರ್ಜಿಯೂ ಹೋಗುತ್ತದೆ. ಅದೇ ಚಿಕ್ಕ ಚಿತ್ರ ವಾಟ್ಸ್ಆ್ಯಪ್ ಮೂಲಕ ಗೌಂಡಿಯ ಕೈ ಸೇರಿದಾಗ ನಿಜವಾದ ತೊಂದರೆ ಕಾಣಿಸುತ್ತದೆ: ಅಡುಗೆಮನೆಯ ಅಗಲ 9 ಅಡಿ 3 ಇಂಚೋ, 9 ಅಡಿ 8 ಇಂಚೋ ಎಂಬುದು ಎಷ್ಟು ಹಿಗ್ಗಿಸಿ ನೋಡಿದರೂ ತಿಳಿಯುವುದಿಲ್ಲ.

ಇಲ್ಲಿ ಕೆಟ್ಟದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ನಕ್ಷೆಯ ಗೆರೆಗಳನ್ನು ಮೊದಲು ಚುಕ್ಕಿಗಳನ್ನಾಗಿ ಒಡೆಯಲಾಗುತ್ತದೆ. ಆ ಚುಕ್ಕಿಗಳ ಲೆಕ್ಕವನ್ನು ನಂತರ ಅಡಕ ಮಾಡಲಾಗುತ್ತದೆ, ಅಂದರೆ ಕಡಿಮೆ ಜಾಗದಲ್ಲಿ ಹಿಡಿಯುವಂತೆ ಬರೆಯಲಾಗುತ್ತದೆ. ಆಮೇಲೆ ಕೈಯಿಂದ ಕೈಗೆ ದಾಟುವಾಗ ಅದೇ ಅಡಕ ಮತ್ತೆ ಮತ್ತೆ ನಡೆಯುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಕಳೆದುಹೋಗುವ ವಸ್ತು ಬೇರೆ ಬೇರೆ. ಯಾವ ಹೆಜ್ಜೆಯಲ್ಲಿ ಏನು ಹೋಗುತ್ತದೆ ಎಂದು ಗೊತ್ತಿದ್ದರೆ ಅದೇ ಮಿತಿಯೊಳಗೆ ಓದಲು ಬರುವ ಚಿತ್ರವನ್ನು ಪಡೆಯಬಹುದು.

ಮೂಲ ಕಡತದಲ್ಲಿ ಚಿತ್ರವೇ ಇರುವುದಿಲ್ಲ

ಕಟ್ಟಡದ ನಕ್ಷೆಗಳನ್ನು ಬಹುತೇಕ ಎಂಜಿನಿಯರುಗಳು ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ಬರೆಯುತ್ತಾರೆ. ಆಟೋಡೆಸ್ಕ್ ಕಂಪನಿ ಇದನ್ನು 1982ರಲ್ಲಿ ಹೊರತಂದಿತು. ಅದರ ಕಡತದ ಹೆಸರು ಡಿಡಬ್ಲ್ಯೂಜಿ ಎಂದು ಕೊನೆಗೊಳ್ಳುತ್ತದೆ. ಈ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ಕಾಣುವುದು ಚಿತ್ರವಲ್ಲ, ಸೂಚನೆಗಳ ಪಟ್ಟಿ. ಒಂದು ಗೋಡೆಯ ಅಂಚೆಂದರೆ 'ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ' ಎಂಬ ಒಂದು ಸಾಲು. ದುಂಡು ಕಂಬವೆಂದರೆ 'ಇಲ್ಲಿ ಕೇಂದ್ರ, ಇಷ್ಟು ತ್ರಿಜ್ಯ' ಎಂಬ ಇನ್ನೊಂದು ಸಾಲು. ಮೂವತ್ತು–ನಲವತ್ತರ ಸೈಟಿನ ಹೊರ ಎಲ್ಲೆಯನ್ನು ಹೇಳಲು ನಾಲ್ಕು ಮೂಲೆಗಳ ಅಂಕಿಗಳು ಸಾಕು. ಹೀಗೆ ಬಿಂದು, ಉದ್ದ, ದಿಕ್ಕುಗಳ ಮೂಲಕ ಬರೆದಿಟ್ಟ ರೇಖಾಚಿತ್ರಕ್ಕೆ ವೆಕ್ಟರ್ ಚಿತ್ರವೆಂದು ಹೆಸರು.

ಚುಕ್ಕಿ ರಂಗೋಲಿಯನ್ನು ಫೋನಿನಲ್ಲಿ ಹೇಳಿಕೊಡುವುದನ್ನು ನೆನೆಯಿರಿ. ಕಲಬುರಗಿಯಲ್ಲಿರುವ ಅಕ್ಕ ಯಾದಗಿರಿಯಲ್ಲಿರುವ ತಂಗಿಗೆ 'ಏಳು ಚುಕ್ಕಿ, ಏಳು ಸಾಲು, ಮೊದಲ ಸಾಲಿನ ನಡುವಿನ ಚುಕ್ಕಿಯಿಂದ ನಾಲ್ಕನೇ ಸಾಲಿನ ಕೊನೆಯ ಚುಕ್ಕಿಗೆ ಗೆರೆ ಎಳಿ' ಎಂದು ಹೇಳುತ್ತಾಳೆ. ತಂಗಿ ಅದನ್ನು ಹೊಸ್ತಿಲಿನ ಮುಂದೆ ಗೇಣುದ್ದ ಹಾಕಿದರೂ ಅಂಗಳದ ತುಂಬ ಹಾಕಿದರೂ ರಂಗೋಲಿ ಅದೇ. ಗೆರೆ ಎಲ್ಲಿಯೂ ಒಡೆಯುವುದಿಲ್ಲ. ವೆಕ್ಟರ್ ಕಡತವನ್ನು ಎಷ್ಟು ಹಿಗ್ಗಿಸಿದರೂ ಮಸುಕಾಗದಿರುವುದಕ್ಕೆ ಇದೇ ಕಾರಣ: ಪ್ರತಿ ಸಲವೂ ಗಣಕವು ಸೂಚನೆಯನ್ನು ಓದಿ ಗೆರೆಯನ್ನು ಹೊಸದಾಗಿಯೇ ಎಳೆಯುತ್ತದೆ.

ಸೂಚನೆಯನ್ನು ಓದಲು ಬಲ್ಲ ತಂತ್ರಾಂಶ ಇರದ ಫೋನಿನಲ್ಲಿ ಆ ಕಡತ ತೆರೆಯದಿರುವುದು ಸಹಜ. ಇನ್ನೊಂದು ತೊಡಕೂ ಇದೆ. ನಕ್ಷೆಯಲ್ಲಿ 'ಮಲಗುವ ಕೋಣೆ', 'ದೇವರ ಮನೆ' ಎಂದು ಕನ್ನಡದಲ್ಲಿ ಬರೆದಿದ್ದರೆ ಕಡತದಲ್ಲಿ ಇರುವುದು ಅಕ್ಷರದ ಸಂಕೇತಗಳು ಮತ್ತು ಫಾಂಟಿನ ಹೆಸರು ಮಾತ್ರ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ 'ದೇವರ ಮನೆ' ಇದ್ದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಜೆಪಿಜಿ ಮಾಡಿದಾಗ ಅಕ್ಷರದ ಆಕಾರವೇ ಚಿತ್ರದಲ್ಲಿ ಅಚ್ಚಾಗಿ ಹೋಗುವುದರಿಂದ ಈ ತೊಂದರೆ ಇರುವುದಿಲ್ಲ. ನಕ್ಷೆಯನ್ನು ಚಿತ್ರವಾಗಿಸುವುದರಿಂದ ಆಗುವ ಲಾಭಗಳಲ್ಲಿ ಇದು ದೊಡ್ಡದು: ನೋಡುವವರೆಲ್ಲರಿಗೂ ಅದು ಒಂದೇ ರೀತಿ ಕಾಣುತ್ತದೆ, ಅದರಲ್ಲಿನ ಗೋಡೆಯನ್ನು ಯಾರೂ ಸುಲಭವಾಗಿ ಅತ್ತಿತ್ತ ಸರಿಸಲಾರರು.

ಫರಸಿಯ ನೆಲದ ಮೇಲೆ ಎಳೆದ ಗೆರೆ

ಫೋನಿನ ಪರದೆಯಾಗಲಿ ಜೆಪಿಜಿಯಾಗಲಿ ಗೆರೆಯನ್ನು ಅರಿಯವು. ಅವು ಅರಿತಿರುವುದು ಸಣ್ಣ ಚೌಕಗಳನ್ನು ಮಾತ್ರ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಸಾಲು ಸಾಲಾಗಿ ಜೋಡಿಸಿದ ಪಿಕ್ಸೆಲ್‌ಗಳಿಂದಾದ ಚಿತ್ರವೇ ರಾಸ್ಟರ್ ಚಿತ್ರ. ಫೋಟೊಗಳೆಲ್ಲವೂ ಇದೇ ಜಾತಿಯವು.

ನಮ್ಮ ಭಾಗದ ಮನೆಗಳಲ್ಲಿ ಶಹಾಬಾದಿನ ಕಲ್ಲು, ಅಂದರೆ ಫರಸಿ, ಹಾಸಿದ ನೆಲ ಎಲ್ಲರಿಗೂ ಪರಿಚಿತ. ಅಂಥ ನೆಲದ ಮೇಲೆ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಕಪ್ಪು ಗೆರೆ ಬೇಕೆಂದುಕೊಳ್ಳಿ. ಆದರೆ ನಿಯಮವೊಂದಿದೆ: ಒಂದು ಫರಸಿಗೆ ಬಣ್ಣ ಹಚ್ಚಿದರೆ ಪೂರ್ತಿ ಹಚ್ಚಬೇಕು, ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಆಗ ಗೆರೆಯು ಮೆಟ್ಟಿಲು ಮೆಟ್ಟಿಲಾಗಿಯೇ ಸಾಗುತ್ತದೆ. ಫರಸಿಯ ಸಾಲಿಗೆ ಸಮನಾಗಿ ಹೋಗುವ ಗೆರೆಗೆ ಈ ಕಷ್ಟವಿಲ್ಲ. ಮನೆಯ ನಕ್ಷೆಯಲ್ಲಿ ಗೋಡೆಗಳು ನೇರವಾಗಿ ಕಂಡು, ಮೆಟ್ಟಿಲಿನ ಬಾಣದ ಗುರುತು, ಬಾಗಿಲು ತೆರೆಯುವ ಕಮಾನು, ಓರೆಯಾದ ಸೈಟಿನ ಎಲ್ಲೆಗಳು ಮಾತ್ರ ಹಲ್ಲುಹಲ್ಲಾಗಿ ಕಾಣುವುದು ಇದರಿಂದಲೇ.

ಯಾವ ಚೌಕಕ್ಕೆ ಬಣ್ಣ ಹಚ್ಚಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಗಣಕವು ವೇಗವಾಗಿ ನಿರ್ಧರಿಸುವ ಒಂದು ಪ್ರಸಿದ್ಧ ವಿಧಾನವನ್ನು ಐಬಿಎಂ ಕಂಪನಿಯಲ್ಲಿದ್ದ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದರು. ಭಾಗಾಕಾರವಿಲ್ಲದೆ, ಪೂರ್ಣಾಂಕಗಳ ಕೂಡು–ಕಳೆ ಲೆಕ್ಕದಿಂದಲೇ ಪ್ರತಿ ಹೆಜ್ಜೆಯಲ್ಲಿ ಮುಂದಿನ ಚೌಕವನ್ನು ಆರಿಸುವುದು ಅದರ ಜಾಣ್ಮೆ. ಇಂದಿನ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೆರೆಯು ಒಂದು ಚೌಕದ ಅರ್ಧವನ್ನು ಮಾತ್ರ ಮುಟ್ಟಿದ್ದರೆ ಅದಕ್ಕೆ ಕಪ್ಪಿನ ಬದಲು ಬೂದು ಬಣ್ಣವನ್ನು ಹಚ್ಚುತ್ತವೆ. ದೂರದಿಂದ ನೋಡುವ ಕಣ್ಣಿಗೆ ಮೆಟ್ಟಿಲುಗಳು ಮಾಯವಾದಂತೆ ತೋರುತ್ತದೆ. ಆದರೆ ಗೆರೆಯ ದಪ್ಪ ಒಂದು ಚೌಕಕ್ಕಿಂತಲೂ ಕಡಿಮೆಯಿದ್ದರೆ ಈ ಉಪಾಯವೇ ಮುಳುವಾಗುತ್ತದೆ: ಇಡೀ ಗೆರೆಯು ಕಪ್ಪನ್ನು ಕಳೆದುಕೊಂಡು ತೆಳು ಬೂದು ಬಣ್ಣವಾಗಿ ಬಿಳಿಯಲ್ಲಿ ಕರಗಿಹೋಗುತ್ತದೆ.

ಗೆರೆ ಚೌಕಗಳಾದ ಕ್ಷಣದಲ್ಲಿ ಸೂಚನೆ ಅಳಿದುಹೋಗುತ್ತದೆ. ಇದು ಗೋಡೆ, ಇದು ಬಾಗಿಲು, ಇದು ವಿದ್ಯುತ್ತಿನ ತಂತಿ ಎಂದು ಮೂಲ ಕಡತದಲ್ಲಿ ಬೇರೆ ಬೇರೆ ಪದರಗಳಲ್ಲಿ ಇಟ್ಟಿದ್ದೆಲ್ಲವೂ ಒಂದೇ ಹಾಳೆಯ ಮೇಲಿನ ಕಪ್ಪು–ಬಿಳಿ ಚೌಕಗಳಾಗಿ ಉಳಿಯುತ್ತವೆ.

ಎಷ್ಟು ಚುಕ್ಕಿ ಬೇಕು?

ಚಿತ್ರ ಓದಲು ಬರುತ್ತದೆಯೋ ಇಲ್ಲವೋ ಎಂಬುದರ ಮುಕ್ಕಾಲು ಪಾಲು ಇಲ್ಲಿಯೇ ತೀರ್ಮಾನವಾಗುವುದರಿಂದ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು ಡಿಪಿಐ ಎಂಬ ಅಂಕಿಯಿಂದ ಹೇಳುತ್ತಾರೆ. ಎ4 ಹಾಳೆಯ ಅಳತೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅದನ್ನು 300 ಡಿಪಿಐನಲ್ಲಿ ಚಿತ್ರವಾಗಿಸಿದರೆ ಅಗಲಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಬಣ್ಣದ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟುಗಳು (ಬೈಟು ಎಂದರೆ ಕಡತದ ಗಾತ್ರವನ್ನು ಅಳೆಯುವ ಸಣ್ಣ ಏಕಮಾನ; ಸುಮಾರು ಹತ್ತು ಲಕ್ಷ ಬೈಟು ಸೇರಿದರೆ ಒಂದು ಎಂಬಿ) ಬೇಕಾಗುವುದರಿಂದ ಅಡಕ ಮಾಡುವ ಮೊದಲು ಅದರ ಗಾತ್ರ ಸುಮಾರು 26 ಎಂಬಿ. ಎಂಜಿನಿಯರುಗಳು ದೊಡ್ಡ ನಕ್ಷೆಗೆ ಬಳಸುವ ಎ1 ಹಾಳೆಯಾದರೆ ಅದೇ 300 ಡಿಪಿಐನಲ್ಲಿ ಸುಮಾರು 7 ಕೋಟಿ ಪಿಕ್ಸೆಲ್‌ಗಳು, 209 ಎಂಬಿ. ಅರ್ಜಿಯ ಪುಟವು ಕೇಳುವ ಕೆಲವೇ ನೂರು ಕೆಬಿಗೂ ಇದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಪಿಕ್ಸೆಲ್‌ಗಳನ್ನು ಎಲ್ಲಿಯವರೆಗೆ ಕಡಿಮೆ ಮಾಡಬಹುದು? ಇದಕ್ಕೆ ನಕ್ಷೆಯಲ್ಲಿನ ಅತಿ ಸಣ್ಣ ಅಕ್ಷರವೇ ಅಳತೆಗೋಲು. ರೈಲು ನಿಲ್ದಾಣದ ದೀಪದ ಫಲಕಗಳಂಥ ಕಡೆ ಒಂದು ರೋಮನ್ ಅಕ್ಷರವನ್ನೋ ಅಂಕಿಯನ್ನೋ ತೋರಿಸಲು ಅಡ್ಡಕ್ಕೆ 5, ಉದ್ದಕ್ಕೆ 7 ಚುಕ್ಕಿಗಳ ಚೌಕಟ್ಟು ಬಹಳ ಕಾಲದಿಂದ ಬಳಕೆಯಲ್ಲಿದೆ. ಅಂದರೆ ಅಂಕಿಯ ಎತ್ತರಕ್ಕೆ 7 ಚುಕ್ಕಿ ಎಂಬುದು ಕೆಳಗಿನ ಗಡಿ. ಅದೂ ಚುಕ್ಕಿಗಳು ಶುಭ್ರವಾಗಿ ಉರಿಯುತ್ತಿದ್ದಾಗ. ನಕ್ಷೆಯಲ್ಲಿ ಅಳತೆಯ ಅಂಕಿಗಳು ಕಾಗದದ ಮೇಲೆ 2.5 ಮಿಲಿಮೀಟರ್ ಎತ್ತರ ಇವೆ ಎಂದುಕೊಳ್ಳಿ. ಎ1 ಹಾಳೆಯ ಉದ್ದ 841 ಮಿಲಿಮೀಟರ್. ಅದನ್ನು 1600 ಪಿಕ್ಸೆಲ್ ಉದ್ದದ ಚಿತ್ರಕ್ಕೆ ಇಳಿಸಿದರೆ ಒಂದು ಮಿಲಿಮೀಟರಿಗೆ ಎರಡು ಪಿಕ್ಸೆಲ್ ಕೂಡ ಸಿಗುವುದಿಲ್ಲ, ಅಂಕಿಯ ಎತ್ತರಕ್ಕೆ ಸಿಗುವುದು 5ಕ್ಕೂ ಕಡಿಮೆ. 3 ಮತ್ತು 8ರ ನಡುವಿನ ವ್ಯತ್ಯಾಸವಾದ ಎಡಬದಿಯ ಎರಡು ಸಣ್ಣ ಕೊಂಡಿಗಳು ಉಳಿಯಲು ಅಲ್ಲಿ ಜಾಗವೇ ಇಲ್ಲ. ಅದೇ 1600 ಪಿಕ್ಸೆಲ್‌ಗೆ ಎ3 ಹಾಳೆಯನ್ನು ಇಳಿಸಿದರೆ ಅಂಕಿಯ ಎತ್ತರ 9 ಪಿಕ್ಸೆಲ್ ದಾಟುತ್ತದೆ, ಕಷ್ಟಪಟ್ಟು ಓದಬಹುದು. ಎ4 ಆದರೆ 13 ದಾಟುತ್ತದೆ, ಆರಾಮವಾಗಿ ಓದಬಹುದು.

ಕನ್ನಡಕ್ಕೆ ಈ ಲೆಕ್ಕ ಸಾಲದು. 'ಸ್ನಾನದ ಕೋಣೆ' ಎಂದು ಬರೆದಾಗ ಮೂಲ ಅಕ್ಷರದ ಕೆಳಗೆ ಒತ್ತು ಕೂರಬೇಕು, ಮೇಲೆ ಏತ್ವ ಬಾಗಬೇಕು. ಒಂದೇ ಎತ್ತರದೊಳಗೆ ಮೂರು ಅಂತಸ್ತುಗಳು ಇರುತ್ತವೆ. ಅಂಕಿಗಳು ಚೆನ್ನಾಗಿ ಕಾಣುವ ಚಿತ್ರದಲ್ಲಿಯೂ ಕನ್ನಡದ ಬರಹ ಕಪ್ಪು ಉಂಡೆಯಾಗಿ ಕಾಣುವುದು ಅಪರೂಪವಲ್ಲ. ಕನ್ನಡದಲ್ಲಿ ಬರೆದ ನಕ್ಷೆಗೆ ಅಕ್ಷರದ ಎತ್ತರಕ್ಕೆ ಇಪ್ಪತ್ತು ಪಿಕ್ಸೆಲ್ ಆದರೂ ಇರಲಿ ಎಂಬುದು ನನ್ನ ಲೆಕ್ಕ. 2.5 ಮಿಲಿಮೀಟರ್ ಅಕ್ಷರಕ್ಕೆ ಇಪ್ಪತ್ತು ಪಿಕ್ಸೆಲ್ ಎಂದರೆ ಮಿಲಿಮೀಟರಿಗೆ 8, ಅಂದರೆ ಸುಮಾರು 200 ಡಿಪಿಐ. ಕುತೂಹಲದ ಸಂಗತಿಯೆಂದರೆ ಹಳೆಯ ಫ್ಯಾಕ್ಸ್ ಯಂತ್ರಗಳೂ ಅಡ್ಡಸಾಲಿನಲ್ಲಿ ಮಿಲಿಮೀಟರಿಗೆ ಸುಮಾರು 8 ಚುಕ್ಕಿಗಳನ್ನೇ ಬಳಸುತ್ತಿದ್ದವು.

ಗೆರೆಯ ದಪ್ಪಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. 0.25 ಮಿಲಿಮೀಟರ್ ದಪ್ಪದ ಗೆರೆ 300 ಡಿಪಿಐನಲ್ಲಿ ಸುಮಾರು 3 ಪಿಕ್ಸೆಲ್ ಆಗುತ್ತದೆ. 96 ಡಿಪಿಐನಲ್ಲಿ ಒಂದು ಪಿಕ್ಸೆಲ್ಲಿಗೂ ತುಸು ಕಡಿಮೆಯಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಚಿತ್ರದ ವಿವರದಲ್ಲಿ 'ಡಿಪಿಐ 300' ಎಂದು ಬರೆದಿದ್ದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗಿದೆ ಎಂದಲ್ಲ. ಅದು ಚೀಲದ ಮೇಲೆ ಹಚ್ಚಿದ ಚೀಟಿ. 800 ಪಿಕ್ಸೆಲ್ ಅಗಲದ ಚಿತ್ರಕ್ಕೆ 72 ಎಂಬ ಚೀಟಿ ಹಚ್ಚಿದರೂ 300 ಎಂಬ ಚೀಟಿ ಹಚ್ಚಿದರೂ ಒಳಗಿರುವ ಪಿಕ್ಸೆಲ್‌ಗಳು 800ಷ್ಟೇ. ನೋಡಬೇಕಾದದ್ದು ಒಟ್ಟು ಪಿಕ್ಸೆಲ್‌ಗಳ ಅಗಲ ಮತ್ತು ಉದ್ದವನ್ನು.

ಅಡಕ ಮಾಡುವುದು: ಮೊದಲು ನಷ್ಟವಿಲ್ಲದ ದಾರಿ

ಕಲಬುರಗಿಯ ಎಪಿಎಂಸಿ ಅಂಗಳದಲ್ಲಿ ಲಾರಿಯಿಂದ ಇಳಿಯುವ ಚೀಲಗಳನ್ನು ಬರೆದುಕೊಳ್ಳುವ ಗುಮಾಸ್ತ 'ತೊಗರಿ, ತೊಗರಿ, ತೊಗರಿ' ಎಂದು 240 ಸಲ ಬರೆಯುವುದಿಲ್ಲ. 'ತೊಗರಿ 240, ಜೋಳ 3, ತೊಗರಿ 57' ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಲೆಕ್ಕದಲ್ಲಿ ಒಂದು ಚೀಲವೂ ತಪ್ಪುವುದಿಲ್ಲ, ಬರಹ ಮಾತ್ರ ಚಿಕ್ಕದಾಗುತ್ತದೆ. ನಕ್ಷೆಯ ಒಂದು ಅಡ್ಡಸಾಲನ್ನು ನೋಡಿದರೆ ಅಲ್ಲಿಯೂ ಹೀಗೆಯೇ: ನೂರಾರು ಬಿಳಿ ಪಿಕ್ಸೆಲ್, ಮೂರು ಕಪ್ಪು, ಮತ್ತೆ ನೂರಾರು ಬಿಳಿ. ಫ್ಯಾಕ್ಸ್ ಯಂತ್ರಗಳು ಕಾಗದವನ್ನು ದೂರವಾಣಿಯ ತಂತಿಯಲ್ಲಿ ಕಳಿಸುತ್ತಿದ್ದುದು ಈ ಬಗೆಯ ಎಣಿಕೆಯನ್ನು ಆಧರಿಸಿಯೇ.

1996ರಲ್ಲಿ ಬಂದ ಪಿಎನ್‌ಜಿ ಎಂಬ ಚಿತ್ರದ ಬಗೆಯೂ ನಷ್ಟವಿಲ್ಲದ ಅಡಕವನ್ನು ಮಾಡುತ್ತದೆ. ಒಮ್ಮೆ ಬಂದ ವಿನ್ಯಾಸ ಮತ್ತೆ ಬಂದರೆ 'ಹಿಂದೆ ಅಲ್ಲಿ ಬಂದದ್ದೇ ಮತ್ತೆ' ಎಂದು ಬರೆದುಕೊಳ್ಳುವುದು ಅದರ ಮುಖ್ಯ ಉಪಾಯ. ಬರಿಯ ಕಪ್ಪು–ಬಿಳಿ ನಕ್ಷೆಯಾದರೆ ಇನ್ನೂ ಒಂದು ಅನುಕೂಲವಿದೆ. ಎರಡೇ ಬಣ್ಣಗಳಿಗೆ ಪ್ರತಿ ಪಿಕ್ಸೆಲ್‌ಗೆ ಮೂರು ಬೈಟು ಬೇಕಿಲ್ಲ. ಒಂದು ಬೈಟಿನಲ್ಲಿ 8 ಪಿಕ್ಸೆಲ್‌ಗಳನ್ನು ಕೂರಿಸಬಹುದು. 26 ಎಂಬಿಯ ಎ4 ಚಿತ್ರವು ಅಡಕಕ್ಕೆ ಮೊದಲೇ 1.1 ಎಂಬಿಗೆ ಇಳಿಯುತ್ತದೆ, ಅಡಕದ ನಂತರ ಅದಕ್ಕಿಂತಲೂ ಬಹಳ ಕೆಳಗೆ. ಗೆರೆಗಳಿಂದಾದ ಚಿತ್ರಗಳಲ್ಲಿ ಪಿಎನ್‌ಜಿಯು ಹಲವು ಬಾರಿ ಜೆಪಿಜಿಗಿಂತ ಚಿಕ್ಕದಾಗಿಯೂ ಸ್ವಚ್ಛವಾಗಿಯೂ ಇರುತ್ತದೆ. ಆದರೂ ಅರ್ಜಿಯ ಪುಟಗಳು ಜೆಪಿಜಿಯನ್ನೇ ಕೇಳುವುದು ಹೆಚ್ಚು.

ಜೆಪಿಜಿಯ ಒಳಗೆ

ಜೆಪೆಗ್ ಅಥವಾ ಜೆಪಿಜಿ ಎಂಬುದು ಅದನ್ನು ರೂಪಿಸಿದ ಛಾಯಾಚಿತ್ರ ತಜ್ಞರ ಜಂಟಿ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಈ ಮಾನದಂಡ 1992ರಲ್ಲಿ ಅಂಗೀಕಾರವಾಯಿತು. ಹೆಸರೇ ಹೇಳುವಂತೆ ಇದನ್ನು ಮಾಡಿದ್ದು ಛಾಯಾಚಿತ್ರಗಳಿಗಾಗಿ, ರೇಖಾಚಿತ್ರಗಳಿಗಾಗಿ ಅಲ್ಲ. ಇದರ ಹೃದಯದಲ್ಲಿರುವ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಪರಿವರ್ತನೆ ಎಂದು ಹೆಸರು. ಅದನ್ನು ಮೊದಲು ಸೂಚಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಇದರ ಪ್ರಬಂಧವನ್ನು ಪ್ರಕಟಿಸಿದರು. ನಾವು ದಿನವೂ ಕಳಿಸುವ ಫೋಟೊಗಳ ಹಿಂದೆ ಕರ್ನಾಟಕದಲ್ಲಿ ಓದಿದವರೊಬ್ಬರ ಗಣಿತವಿದೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ.

ಜೆಪಿಜಿ ಮೊದಲು ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡಿನಲ್ಲಿ 64 ಅಂಕಿಗಳಿವೆ. ಅವುಗಳನ್ನು ಹಾಗೆಯೇ ಬರೆಯದೆ, ಮೊದಲೇ ಗೊತ್ತುಮಾಡಿದ 64 ಮಾದರಿ ಅಲೆಗಳಲ್ಲಿ ಯಾವುದು ಎಷ್ಟು ಬೆರೆತರೆ ಈ ತುಂಡು ಸಿದ್ಧವಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಕಿರಾಣಿ ಅಂಗಡಿಯಲ್ಲಿ ಕೆಲವೇ ತೂಕದ ಕಲ್ಲುಗಳನ್ನು ಕೂಡಿಸಿ ಯಾವ ತೂಕವನ್ನಾದರೂ ತೂಗುವಂತೆ, ಈ 64 ಅಲೆಗಳಿಂದ ಯಾವ ತುಂಡನ್ನಾದರೂ ಕಟ್ಟಬಹುದು. ಮೊದಲ ಅಲೆಗಳು ನಿಧಾನವಾಗಿ ಏರಿಳಿಯುವಂಥವು. ಕೊನೆಯವು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಕಪ್ಪು–ಬಿಳಿ ಬದಲಾಗುವಂಥವು. ಇಲ್ಲಿಯವರೆಗೆ ಹೆಚ್ಚುಕಡಿಮೆ ಏನೂ ಕಳೆದುಹೋಗಿಲ್ಲ.

ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ಅಲೆಯ ಪ್ರಮಾಣವನ್ನು ಒಂದು ನಿಗದಿತ ಅಂಕಿಯಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. 'ಚಿಲ್ಲರೆ ಇಲ್ಲ, ಬಿಡ್ರಿ' ಎನ್ನುವ ಅಂಗಡಿಯವನ ಹಾಗೆ. ಮಾನದಂಡದಲ್ಲಿ ಮಾದರಿಯಾಗಿ ಕೊಟ್ಟಿರುವ ಕೋಷ್ಟಕದಲ್ಲಿ ಮೊದಲ ಅಲೆಯ ಭಾಜಕ 16, ಕೊನೆಯ ಅಲೆಯದು 99. ಎರಡೂ ಅಲೆಗಳ ಪ್ರಮಾಣ 45 ಇದೆ ಎಂದುಕೊಳ್ಳಿ. 45ನ್ನು 16ರಿಂದ ಭಾಗಿಸಿದರೆ ಸುಮಾರು 2.8, ಅದು 3 ಆಗುತ್ತದೆ, ಚಿತ್ರ ತೆರೆಯುವಾಗ ಮತ್ತೆ 16ರಿಂದ ಗುಣಿಸಿದರೆ 48 ಬರುತ್ತದೆ. ಸಣ್ಣ ವ್ಯತ್ಯಾಸ, ಕಣ್ಣಿಗೆ ತಿಳಿಯದು. 45ನ್ನು 99ರಿಂದ ಭಾಗಿಸಿದರೆ ಅರ್ಧಕ್ಕಿಂತ ಕಡಿಮೆ. ಅದು ಸೊನ್ನೆಯಾಗುತ್ತದೆ, ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಹೀಗೆ ಬಹಳಷ್ಟು ಅಲೆಗಳು ಸೊನ್ನೆಯಾಗುವುದರಿಂದಲೇ, ತೊಗರಿ ಚೀಲದ ಎಣಿಕೆಯಂತೆ ಸೊನ್ನೆಗಳನ್ನು ಒಟ್ಟಿಗೆ ಬರೆದು, ಕಡತವನ್ನು ಕುಗ್ಗಿಸಲು ಸಾಧ್ಯವಾಗುತ್ತದೆ. ಜೆಪಿಜಿಯನ್ನು ಉಳಿಸುವಾಗ ತಂತ್ರಾಂಶ ಕೇಳುವ 'ಕ್ವಾಲಿಟಿ' ಎಂಬ ಅಂಕಿಯನ್ನು ಕೆಳಗಿಳಿಸಿದಾಗ ಈ ಭಾಜಕಗಳು ದೊಡ್ಡವಾಗುತ್ತವೆ, ಬಿಟ್ಟುಹೋಗುವ ಚಿಲ್ಲರೆಯೂ ಹೆಚ್ಚಾಗುತ್ತದೆ.

ಯಾದಗಿರಿಯ ಕೋಟೆ ಬೆಟ್ಟದ ಫೋಟೊದಲ್ಲಿ ಆಕಾಶದ ನೀಲಿ ಮೆಲ್ಲನೆ ತಿಳಿಯಾಗುತ್ತ ಹೋಗುತ್ತದೆ. ಅಲ್ಲಿನ ತುಂಡುಗಳನ್ನು ಕಟ್ಟಲು ಮೊದಲ ಕೆಲವು ನಿಧಾನದ ಅಲೆಗಳೇ ಸಾಕು, ವೇಗದ ಅಲೆಗಳನ್ನು ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ನಕ್ಷೆಯಲ್ಲಿ ಹಾಗಲ್ಲ. ಏಳು ಬಿಳಿ ಪಿಕ್ಸೆಲ್‌ಗಳ ನಡುವೆ ಒಂದೇ ಕಪ್ಪು ಪಿಕ್ಸೆಲ್ ಇರುವ ಸಾಲನ್ನು ಕಟ್ಟಲು ಆ ದಿಕ್ಕಿನ ಎಂಟೂ ಅಲೆಗಳು ಬೇಕು; ಗಣಿತದಲ್ಲಿ ಅವುಗಳಲ್ಲಿ ಒಂದೂ ಸೊನ್ನೆಯಾಗುವುದಿಲ್ಲ. ಅವೆಲ್ಲವೂ ಸರಿಯಾದ ಪ್ರಮಾಣದಲ್ಲಿ ಕೂಡಿದಾಗ ಮಾತ್ರ ಗೆರೆಯ ಜಾಗದಲ್ಲಿ ಕಪ್ಪು ಒಟ್ಟಾಗಿ, ಉಳಿದ ಕಡೆ ಒಂದನ್ನೊಂದು ಅಳಿಸಿಕೊಂಡು ಬಿಳಿಯಾಗುತ್ತವೆ. ಒಂದೆರಡು ಅಲೆಗಳನ್ನು ಕಿತ್ತರೆ ಆ ಅಳಿಸುವಿಕೆ ಅರ್ಧಕ್ಕೆ ನಿಲ್ಲುತ್ತದೆ. ಅಂಕಿಗಳ ಸುತ್ತ ಕಾಣುವ ಬೂದುಬಣ್ಣದ ಧೂಳು ಹೀಗೆ ಉಳಿದ ಅಲೆ. ಆ ಧೂಳು ತನ್ನ 8 ಪಿಕ್ಸೆಲ್‌ಗಳ ಚೌಕವನ್ನು ದಾಟುವುದಿಲ್ಲ. ಹಿಗ್ಗಿಸಿ ನೋಡಿದರೆ ಚೌಕದ ಅಂಚು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. 3ರ ಎಡಬದಿಯ ತೆರೆದ ಬಾಯಿ ಈ ಧೂಳಿನಿಂದ ತುಂಬಿದಾಗ ಅದು 8 ಆಗುತ್ತದೆ.

ಬೀದರಿನ ಬಿದ್ರಿ ಕೆಲಸದ ವಿನ್ಯಾಸಗಳನ್ನು ಗಣಕದಲ್ಲಿ ಬರೆದುಕೊಂಡು ಗಿರಾಕಿಗಳಿಗೆ ಕಳಿಸುವವರೂ ಇದೇ ಧೂಳನ್ನು ಎದುರಿಸಬೇಕಾಗುತ್ತದೆ. ಬಿದ್ರಿಯ ಸೊಬಗೆಲ್ಲ ಇರುವುದು ಅಂಚಿನಲ್ಲಿ: ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಕಪ್ಪಾದ ಸತುವಿನ ಮಿಶ್ರಲೋಹದ ಮೇಲೆ, ಉಳಿಯಿಂದ ಕೊರೆದ ಗೀರಿನೊಳಗೆ ಕೂರಿಸಿದ ಬೆಳ್ಳಿಯ ತಂತಿ ನಡುವೆ ಯಾವ ಬೂದು ಬಣ್ಣವೂ ಇಲ್ಲದೆ ಥಟ್ಟನೆ ಎದ್ದು ಕಾಣುತ್ತದೆ. ಹೂಜಿಯ ಫೋಟೊ ಜೆಪಿಜಿಯಲ್ಲಿ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಕ್ಯಾಮೆರಾ ಹಿಡಿದ ಅಂಚುಗಳು ಸ್ವಲ್ಪ ಮೃದುವಾಗಿರುತ್ತವೆ, ಲೋಹದ ಮೇಲಿನ ಬೆಳಕೂ ನಿಧಾನವಾಗಿ ಹರಡಿರುತ್ತದೆ. ಅದೇ ಹೂಜಿಯ ಮೇಲಿನ ಬಳ್ಳಿಯ ರೇಖಾಚಿತ್ರವನ್ನು ಜೆಪಿಜಿ ಮಾಡಿದರೆ ಎಲೆಗಳ ನಡುವಿನ ಕಪ್ಪಿನಲ್ಲಿ ಕಲೆಗಳು ಏಳುತ್ತವೆ.

ಬಣ್ಣದ ವಿಷಯದಲ್ಲಿ ಜೆಪಿಜಿ ಇನ್ನೂ ಜಿಪುಣ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ ಎಂಬ ಆಧಾರದ ಮೇಲೆ ಅದು ಬಹಳಷ್ಟು ಸಲ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಅಂಕಿಯನ್ನು ಇಟ್ಟುಕೊಳ್ಳುತ್ತದೆ. ನೀರಿನ ಪೈಪಿಗೆ ನೀಲಿ, ಒಳಚರಂಡಿಗೆ ಕೆಂಪು ಎಂದು ತೆಳುವಾದ ಗೆರೆಗಳನ್ನು ಎಳೆದಿದ್ದರೆ ಅವು ಅಕ್ಕಪಕ್ಕದ ಬಿಳಿಯೊಂದಿಗೆ ಬೆರೆತು ಮಂಕಾಗುತ್ತವೆ.

ಕೈ ಬದಲಾದಂತೆಲ್ಲ

ಜೆಪಿಜಿಯನ್ನು ತೆರೆದು ನೋಡುವುದರಿಂದ ಅದು ಸವೆಯುವುದಿಲ್ಲ. ನಕಲು ಮಾಡಿದರೂ ಸವೆಯುವುದಿಲ್ಲ. ತೆರೆದು, ಬದಲಿಸಿ, ಮತ್ತೆ ಉಳಿಸಿದಾಗ ಮಾತ್ರ ಚಿಲ್ಲರೆ ಬಿಡುವ ಲೆಕ್ಕ ಇನ್ನೊಮ್ಮೆ ನಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ ಚಿತ್ರಕ್ಕೆ ಆಗುವುದು ಇದೇ: ಅದು ಪಿಕ್ಸೆಲ್‌ಗಳನ್ನೂ ಕಡಿಮೆ ಮಾಡಿ, ಹೊಸದಾಗಿ ಅಡಕವನ್ನೂ ಮಾಡುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂಬ ಆಯ್ಕೆಯಿಂದ ಕಳಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದಂತೂ ನಕ್ಷೆಯನ್ನು ಫೋನಿನ ಪರದೆಯಷ್ಟು ಪಿಕ್ಸೆಲ್‌ಗಳಿಗೆ ಕತ್ತರಿಸಿದಂತೆ.

ಸ್ಕೇಲು ಎಲ್ಲಿ ಹೋಯಿತು?

ನಕ್ಷೆಯ ಮೂಲೆಯಲ್ಲಿ '1:100' ಎಂದು ಬರೆದಿರುತ್ತದೆ. ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ನೂರು ಸೆಂಟಿಮೀಟರ್ ಎಂಬುದು ಅದರ ಅರ್ಥ. ಮೂವತ್ತು–ನಲವತ್ತರ ಸೈಟು ಆಗ ಕಾಗದದಲ್ಲಿ ಸುಮಾರು 9.1 ಸೆಂಟಿಮೀಟರ್ ಅಗಲ, 12.2 ಸೆಂಟಿಮೀಟರ್ ಉದ್ದ. ಜೆಪಿಜಿಯಲ್ಲಿ ಈ ಬರಹ ಉಳಿಯುತ್ತದೆ, ಅದರ ಸತ್ಯ ಉಳಿಯುವುದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ತುಂಬುವಂತೆ ಹಿಗ್ಗಿಸಿ ಮುದ್ರಿಸಿದರೆ ಅದೇ ಸೈಟು 18 ಸೆಂಟಿಮೀಟರ್ ಅಗಲವಾಗಬಹುದು, ಮೂಲೆಯಲ್ಲಿ ಮಾತ್ರ 1:100 ಎಂದೇ ಇರುತ್ತದೆ. ಅದರ ಮೇಲೆ ಪಟ್ಟಿ ಇಟ್ಟು ಅಳೆದ ಗೌಂಡಿಗೆ ಪ್ರತಿ ಕೋಣೆಯೂ ಇಮ್ಮಡಿಯಾಗಿ ಸಿಗುತ್ತದೆ. ನಕ್ಷೆಯಲ್ಲಿ ಅಡಿಗಳ ಗುರುತು ಹಾಕಿದ ಅಳತೆಪಟ್ಟಿಯೊಂದನ್ನು ಚಿತ್ರವಾಗಿಯೇ ಬರೆದಿದ್ದರೆ ಅದು ನಕ್ಷೆಯೊಂದಿಗೆ ಹಿಗ್ಗುತ್ತದೆ, ನಕ್ಷೆಯೊಂದಿಗೆ ಕುಗ್ಗುತ್ತದೆ, ಆಗ ಮೋಸವಾಗುವುದಿಲ್ಲ.

ಮಾಡಿಸಿಕೊಳ್ಳುವಾಗ ಏನು ಕೇಳಬೇಕು

ಆಟೋಕ್ಯಾಡ್‌ನಲ್ಲಿ ನೇರವಾಗಿ ಜೆಪಿಜಿ ತೆಗೆಯುವ ಆದೇಶವೊಂದಿದೆ. ಅದು ಪರದೆಯ ಮೇಲೆ ಕಾಣುತ್ತಿರುವಷ್ಟನ್ನೇ, ಪರದೆಯಷ್ಟೇ ಪಿಕ್ಸೆಲ್‌ಗಳಲ್ಲಿ ಹಿಡಿಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಣ್ಣಬಣ್ಣದ ಗೆರೆಗಳಿರುವ ನಕ್ಷೆ ಬಂದಿದ್ದರೆ ಅದು ಹೀಗೆ ತೆಗೆದದ್ದಾಗಿರುವ ಸಾಧ್ಯತೆ ಹೆಚ್ಚು. ಮುದ್ರಣದ ಆಯ್ಕೆಗೆ ಹೋಗಿ, ಪ್ರಿಂಟರಿನ ಜಾಗದಲ್ಲಿ 'ಪಬ್ಲಿಷ್ ಟು ವೆಬ್ ಜೆಪಿಜಿ' ಅಥವಾ ಅದರ ಪಿಎನ್‌ಜಿ ರೂಪವನ್ನು ಆರಿಸಿ, ಹಾಳೆಯ ಅಳತೆಯನ್ನು ಬೇಕಾದಷ್ಟು ಪಿಕ್ಸೆಲ್‌ಗಳಿಗೆ ಹೊಂದಿಸಿ, ಗೆರೆಗಳಿಗೆ 'ಮೊನೊಕ್ರೋಮ್' ಶೈಲಿಯನ್ನು ಕೊಟ್ಟರೆ ಬಿಳಿಯ ಮೇಲೆ ಕಪ್ಪು ಗೆರೆಗಳ ಶುಭ್ರ ಚಿತ್ರ ಬರುತ್ತದೆ. ಮೊದಲು ಪಿಡಿಎಫ್ ಮಾಡಿ, ಅದರಿಂದ 200 ಅಥವಾ 300 ಡಿಪಿಐನಲ್ಲಿ ಚಿತ್ರ ತೆಗೆಯುವುದು ಇನ್ನೊಂದು ದಾರಿ. ತಂತ್ರಾಂಶದಿಂದ ನೇರವಾಗಿ ಬಂದ ಪಿಡಿಎಫ್‌ನಲ್ಲಿ ಗೆರೆಗಳು ವೆಕ್ಟರ್ ಆಗಿಯೇ ಉಳಿದಿರುತ್ತವೆ. ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಪಿಕ್ಸೆಲ್‌ಗಳು ಮಾತ್ರ ಇರುತ್ತವೆ. ಎಷ್ಟು ಹಿಗ್ಗಿಸಿದರೂ ಗೆರೆ ಚೂಪಾಗಿಯೇ ಇದ್ದರೆ ಮೊದಲನೆಯದು ಎಂದು ತಿಳಿಯಬಹುದು.

ಗಾತ್ರದ ಮಿತಿ ತೀರ ಕಡಿಮೆಯಿದ್ದರೆ ಒಂದೇ ಹಾಳೆಯಲ್ಲಿ ನೆಲಮಹಡಿ, ಮೊದಲ ಮಹಡಿ, ಮುಂಭಾಗದ ನೋಟ, ಛೇದನೋಟ ಎಲ್ಲವನ್ನೂ ತುಂಬಿದ ಎ1 ನಕ್ಷೆಯನ್ನು ಹಿಂಡುವ ಬದಲು ಅವುಗಳನ್ನು ಬೇರೆ ಬೇರೆ ಚಿತ್ರಗಳಾಗಿ ಕೇಳಿ ಪಡೆಯುವುದು ಲೇಸು. ಸುತ್ತಲಿನ ಖಾಲಿ ಬಿಳಿಯನ್ನು ಕತ್ತರಿಸಿ. ಖಾಲಿ ಬಿಳಿ ಹೆಚ್ಚು ಬೈಟುಗಳನ್ನು ತಿನ್ನುವುದಿಲ್ಲ, ಆದರೆ ಚಿತ್ರದ ಅಗಲಕ್ಕೆ ಮಿತಿಯಿದ್ದಾಗ ಅಂಕಿಗಳಿಗೆ ಸಿಗಬೇಕಾದ ಪಿಕ್ಸೆಲ್‌ಗಳನ್ನು ತಿನ್ನುತ್ತದೆ. ಆಮೇಲೂ ಮಿತಿ ಮೀರುತ್ತಿದ್ದರೆ 'ಕ್ವಾಲಿಟಿ'ಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲವೂ ಮೂಲ ಕಡತದಿಂದಲೇ ಹೊಸದಾಗಿ ತೆಗೆಯಬೇಕು. ಒಮ್ಮೆ ಕುಗ್ಗಿಸಿದ ಜೆಪಿಜಿಯನ್ನೇ ಮತ್ತೆ ಕುಗ್ಗಿಸಬಾರದು. ಕಳಿಸುವ ಮೊದಲು ನಕ್ಷೆಯಲ್ಲಿನ ಅತಿ ಸಣ್ಣ ಅಳತೆಯೊಂದನ್ನೂ ಅತಿ ಸಣ್ಣ ಕನ್ನಡ ಬರಹವೊಂದನ್ನೂ ಹುಡುಕಿ ಹಿಗ್ಗಿಸಿ ಓದಿ ನೋಡಿದರೆ ಸಾಕು, ಉಳಿದದ್ದು ಬಹುತೇಕ ಸರಿಯಾಗಿಯೇ ಇರುತ್ತದೆ.

ಮೂಲ ಕಡತ ಕಳೆದುಹೋಗಿ ಜೆಪಿಜಿ ಮಾತ್ರ ಉಳಿದಿದ್ದರೆ ಅದನ್ನು ಮತ್ತೆ ವೆಕ್ಟರ್ ಮಾಡಿಕೊಡುವ ತಂತ್ರಾಂಶಗಳೂ ಇವೆ. ಅವು ಕಪ್ಪು ಪಿಕ್ಸೆಲ್‌ಗಳ ಅಂಚನ್ನು ಹಿಡಿದು ಸಾಗುತ್ತವೆ. ಆದ್ದರಿಂದ ನಲವತ್ತು ಅಡಿಯ ಒಂದು ಗೋಡೆ ಹತ್ತಾರು ತುಂಡುಗೆರೆಗಳಾಗಿ ಬರುತ್ತದೆ, ಅಂಕಿಗಳು ಅಂಕಿಗಳಾಗಿ ಬಾರದೆ ವಕ್ರರೇಖೆಗಳಾಗಿ ಬರುತ್ತವೆ. ಹೀಗಾಗಿ ನುರಿತ ಡ್ರಾಫ್ಟ್ಸ್‌ಮನ್‌ಗಳು ಆ ಗೋಜಿಗೆ ಹೋಗದೆ ಜೆಪಿಜಿಯನ್ನು ಕೆಳಗಿಟ್ಟುಕೊಂಡು, ಅದರಲ್ಲಿ ಬರೆದ ಅಳತೆಗಳನ್ನು ಓದಿ, ನಕ್ಷೆಯನ್ನು ಮೊದಲಿನಿಂದ ಎಳೆಯುತ್ತಾರೆ. ಅಡುಗೆಮನೆಯ ಅಗಲದಲ್ಲಿರುವುದು 3 ಇಂಚೋ 8 ಇಂಚೋ ಎಂದು ಅವರಿಗೂ ತಿಳಿಯದಿದ್ದರೆ, ಟೇಪು ಹಿಡಿದುಕೊಂಡು ಸೈಟಿಗೇ ಹೋಗಬೇಕಾಗುತ್ತದೆ.